ಗೋಡೆಯ ಬಲಗಡೆ ಉಳಿದ ಜಾಗ

ರಾಣೆಬೆನ್ನೂರಿನ ಬೋರ್ಡು ಪೇಂಟರ್ ಕೊಟ್ರಪ್ಪನ ಅಕ್ಷರ ಅಳಿಸುವಂಥ ಮಳೆ ಈ ಜಿಲ್ಲೆಯಲ್ಲಿ ಇನ್ನೂ ಸುರಿದಿಲ್ಲ. ಇದು ಅವನದೇ ಮಾತು. ಐರಣಿಯಲ್ಲಿ ಹೊಳೆ ಉಕ್ಕಿ ಗೋಡೆಯೊಂದು ಕೊಚ್ಚಿಹೋದಾಗ, ಗೋಡೆ ಹೋಯಿತಂತೆ, ಅವನು ಬರೆದಿದ್ದ ಹತ್ತಿಬೀಜದ ಜಾಹೀರಾತು ಮಾತ್ರ ಮೂರು ದಿನ ಗಾಳಿಯಲ್ಲೇ ನಿಂತಿತ್ತಂತೆ. ಅವನ ಕೆಂಪು ಬಣ್ಣಕ್ಕೆ ಏನು ಬೆರೆಸುತ್ತಾನೆಂದು ಹೆಂಡತಿ ನೀಲಗಂಗವ್ವನಿಗೂ ಗೊತ್ತಿಲ್ಲ. ಮದುವೆಯ ಮರುದಿನ ಅವಳ ಸೀರೆಗೆ ತಾಗಿದ ಚುಕ್ಕೆ ಈಗ ಮೊಮ್ಮಗಳ ಕೌದಿಯಲ್ಲಿದೆ, ಹೊಚ್ಚ ಹೊಸದಾಗಿ.

ಆರು ವರ್ಷದ ಹಿಂದೆ ಬ್ಯಾಡಗಿಯಲ್ಲಿ ಒಬ್ಬ ಮುದುಕಿಯ ಕೊಲೆಯಾಯಿತು. ಆ ಮನೆಗೆ ಮೆಣಸಿನಕಾಯಿ ಚೀಲ ಹೊರುತ್ತಿದ್ದ ಕುಪ್ಪೇಲೂರಿನ ಚನ್ನೇಶ ಸಿಕ್ಕಿಬಿದ್ದ. ಜನ ಮೆರವಣಿಗೆ ತೆಗೆದರು. ಕೊಟ್ರಪ್ಪನಿಗೂ ಸಿಟ್ಟು ತಡೆಯಲಿಲ್ಲ. ಕುಪ್ಪೇಲೂರಿನ ಬಸ್ ನಿಲ್ದಾಣದ ಎದುರು ಗೋಡೆಗೆ ಪುಕ್ಕಟೆಯಾಗಿ, ಆಳೆತ್ತರದ ಅಕ್ಷರದಲ್ಲಿ ಬರೆದ: ‘ಚನ್ನೇಶನನ್ನು ಗಲ್ಲಿಗೇರಿಸಿ’. ಬಲಗಡೆ ಉಳಿದ ಜಾಗದಲ್ಲಿ ರೂಢಿಯಂತೆ ‘ಕೊಟ್ರು ಆರ್ಟ್ಸ್, ರಾಣೆಬೆನ್ನೂರು’ ಎಂದು ಸೇರಿಸಿದ.

ನಾಲ್ಕು ವರ್ಷದ ಮೇಲೆ ನಿಜವಾದ ಕೊಲೆಗಾರ ಬೇರೆಲ್ಲೋ ಸಿಕ್ಕ. ಹಾವೇರಿಯ ಕೋರ್ಟು ಚನ್ನೇಶನನ್ನು ಬಿಟ್ಟಿತು. ಗೋಡೆ ಬಿಡಲಿಲ್ಲ.

ಅವನ ತಾಯಿ ಫಕ್ಕೀರವ್ವ ಒಂದು ಬೆಳಿಗ್ಗೆ ಕೊಟ್ರಪ್ಪನ ಅಂಗಡಿಗೆ ಬಂದಳು.

“ಯಣ್ಣಾ, ಆ ಗ್ವಾಡೀದು ಅಳಸು. ನನ್ನ ಮಗಾ ತನ್ನೂರಾಗ ಬಸ್ ಇಳಿಯಾಕ ನಾಚ್ತಾನ. ಒಂದ್ ಸ್ಟಾಪ್ ಹಿಂದ ಇಳದು ಹೊಲದಾಗ ಹಾದು ಮನೀಗೆ ಬರ್ತಾನ.”

ಕೊಟ್ರಪ್ಪ ಬರೆಯುತ್ತಿದ್ದ ಅಕ್ಷರವನ್ನು ಅರ್ಧಕ್ಕೇ ಬಿಟ್ಟು ಎದ್ದ. ಹಾಗಾದದ್ದು ಅವನ ಆಯುಷ್ಯದಲ್ಲಿ ಎರಡನೇ ಸಲ. ಮೊದಲನೆಯದು ಹಲ್ಲು ಕೀಳಿಸಿದಾಗ.

ಅಂದೇ ಹೋಗಿ ಸುಣ್ಣ ಬಳಿದ. ಮೂರು ಸಲ ಬಳಿದರೆ ಮೂರು ಸಲವೂ ಕೆಂಪು ಮೇಲೆದ್ದು ಬಂತು, ಮೊದಲಿಗಿಂತ ಮೈ ತುಂಬಿಕೊಂಡು.

“ಬಾಳ ನಿಯತ್ತಿನ ಬಣ್ಣಾ ಬಿಡ್ರಿ,” ಎಂದ ಪಕ್ಕದ ಚಹದಂಗಡಿಯ ಶಾಕೀರ.

“ಕೆರದು ತಗೀತೇನಿ.”

“ಮಣ್ಣಿನ ಗ್ವಾಡಿ ಐತ್ರಿ. ಕೆರದ್ರ ನನ್ನ ಅಂಗಡೀ ಮ್ಯಾಲ ಬೀಳತೈತಿ.”

ಕೊಟ್ರಪ್ಪ ಹದಿನೇಳು ಚಹಾ ಕುಡಿಯುತ್ತ ಗೋಡೆಯನ್ನೇ ನೋಡಿದ. ಹದಿನೆಂಟನೆಯದಕ್ಕೆ ಎದ್ದು ಚನ್ನೇಶನ ಮನೆಗೆ ನಡೆದ.

“ತಪ್ಪಾತಪಾ. ಅಳಸಾಕ ಬರವಲ್ದು. ಮುಂದ ಎರಡಕ್ಷರ ಸೇರಸ್ತೇನಿ. ಆದ್ರ ನಿನ್ನ ಹೆಸರು ಅಲ್ಲೇ ಉಳೀತೈತಿ. ನೀ ಬ್ಯಾಡಂದ್ರ ಬ್ಯಾಡ.”

ಏನು ಸೇರಿಸುತ್ತಾನೆಂದು ಚನ್ನೇಶ ಕೇಳಿ ತಿಳಿದುಕೊಂಡ. “ಬರೀರಿ. ಅದನ್ನ ಓದ್ಯಾರ, ಇದನ್ನೂ ಓದ್ಲಿ.”

ಜಾಗಕ್ಕಾಗಿ ಕೊಟ್ರಪ್ಪ ತನ್ನ ಹೆಸರನ್ನೇ ಅಳಿಸಬೇಕಾಯಿತು. ಅಂದು ಕೆಂಪು ಮುಗಿದಿದ್ದರಿಂದ ಹೆಸರನ್ನು ಯಾವುದೋ ಅಗ್ಗದ ಕರಿಬಣ್ಣದಲ್ಲಿ ಬರೆದಿದ್ದ. ಅದು ಒದ್ದೆ ಅರಿವೆಯ ಒಂದೇ ಉಜ್ಜಿಗೆ ಹೋಯಿತು. ಅಲ್ಲಿ ‘ದ್ದರೆ’ ಬರೆದು, ಮುಂದೊಂದು ಕುಡಗೋಲಿನಂಥ ಪ್ರಶ್ನೆಚಿಹ್ನೆ ಎಳೆದ. ಗೋಡೆ ಈಗ ಕೇಳುತ್ತಿತ್ತು: ‘ಚನ್ನೇಶನನ್ನು ಗಲ್ಲಿಗೇರಿಸಿದ್ದರೆ?’

ಮರುದಿನದಿಂದ ನಿಲ್ದಾಣದಲ್ಲಿ ಬಸ್ಸು ಬಂದದ್ದೇ ಜನಕ್ಕೆ ತಿಳಿಯಲೊಲ್ಲದು.

“ಹಂಗಾರ ಖರೇ ಕೊಂದಾವನ್ನ ಬಿಟ್ಟಬಿಡೂದೇನು?” ಎಂದ ಸೋಮಣ್ಣ. ಅಂದಿನ ಮೆರವಣಿಗೆಯ ಮುಂದಿನ ಸಾಲಿನಲ್ಲಿದ್ದವನು ಅವನೇ.

“ಬಿಡು ಅಂದೋರ್ಯಾರ? ಸಾಯೂತನಾ ಒಳಗ ಇರ್ಲಿ,” ಎಂದ ಶಾಕೀರ.

“ನಿಮ್ಮವ್ವನ್ನ ಕೊಂದಿದ್ರ ಹಿಂಗ ಅಂತಿದ್ದಿ?”

ಶಾಕೀರ ಗ್ಲಾಸು ತೊಳೆಯುವುದನ್ನು ನಿಲ್ಲಿಸಿದ. “ಗೊತ್ತಿಲ್ರಿ. ಆದ್ರ ಅವತ್ತ ಚನ್ನೇಶನ್ನ ನಾನೂ ಕೊಂದಾವ ಅಂತನ ತಿಳಿದಿದ್ನಿ.”

ಅಷ್ಟರಲ್ಲಿ ರಾಣೆಬೆನ್ನೂರಿನ ಬಸ್ಸು ನಿಂತಿತು. ಚನ್ನೇಶ ಇಳಿದ, ಅದೇ ಸ್ಟಾಪಿನಲ್ಲಿ, ಗೋಡೆಯ ಎದುರಿಗೇ. ಸೋಮಣ್ಣ ಬೆಂಚಿನ ಮೇಲೆ ತುಸು ಸರಿದ. “ಕುಂದ್ರಪಾ. ಚಹಾ ಕುಡಿ,” ಎಂದ.

ಆಮೇಲೆ ಹಾವೇರಿಯಿಂದಲೂ ಬ್ಯಾಡಗಿಯಿಂದಲೂ ಹುಡುಗರು ಕೊಟ್ರಪ್ಪನನ್ನು ಕರೆದೊಯ್ದರು. ಅಲ್ಲಿ ಹೆಸರಿಲ್ಲದೆ ‘ಗಲ್ಲಿಗೇರಿಸಿದ್ದರೆ?’ ಎಂದಷ್ಟೇ ಬರೆದು, ಕೆಳಗೆ ಕರಿ ಹಲಗೆ ಬಳಿದು ಸೀಮೆಸುಣ್ಣ ಇಟ್ಟು ಬರುತ್ತಾನೆ. ಹೌದು, ಅಲ್ಲ, ಬೈಗುಳ, ಒಂದು ಸಲ ದ್ರಾಕ್ಷಾರಸದ ಜಾಹೀರಾತು, ಎಲ್ಲವೂ ಅದರ ಮೇಲೆ ಬಿದ್ದಿವೆ.

ಮೊನ್ನೆ ಶಾಕೀರ ಕೆಣಕಿದ: “ಅಲ್ರಿ ಕೊಟ್ರಪ್ಪಣ್ಣ, ನಿಮ್ಮ ಅಕ್ಷರ ಯಾರ ಅಪ್ಪನ ಕಡಿಂದೂ ಅಳಸಾಕ ಆಗಂಗಿಲ್ಲ ಅಂತಿದ್ರಿ. ಕಡೀಕ ನಿಮ್ಮ ಹೆಸರನ್ನ ನೀವ ಒರಸಿದ್ರಿ. ಬರದಿದ್ದನ್ನ ತಿದ್ದಿದ್ರಿ. ಇದೆಂಥಾ ಪೇಂಟರಕೀರಿ?”

ಕೊಟ್ರಪ್ಪ ಬಸಿಯಲ್ಲಿನ ಚಹಾ ಮುಗಿಸಿ ಹೇಳಿದ: “ಗ್ವಾಡ್ಯಾಗ ಮುಂದ ಜಾಗ ಉಳದಿತ್ತಪಾ, ತಿದ್ದಿದೆ. ಚನ್ನೇಶ ಉಳೀದಿದ್ರ ಎಲ್ಲಿ ತಿದ್ದತಿದ್ದೆ, ನಿನ್ನ ತಲೀ ಮ್ಯಾಲೆ?”