ಹಿಂಬದಿಯಿಲ್ಲದ ಗೂಡು

ಯಾರ ಮನೆಗೆ ಹೋದರೂ ಗೋಡೆಯಲ್ಲಿ ದೀಪದ ಗೂಡು ಕಂಡರೆ ಕೈ ಹಾಕಿ ನೋಡುವ ಚಾಳಿ ನನಗಿದೆ. ಹಿಂದೆ ಗೋಡೆ ಇದೆಯೋ ಇಲ್ಲವೋ ಎಂಬ ಪರೀಕ್ಷೆ. ಒಮ್ಮೆ ಹೊಸ ಬೀಗರ ಮನೆಯಲ್ಲಿ ಹೀಗೆ ಕೈ ಹಾಕಿ, ಅವರ ಚಾವಿ ಗೊಂಚಲು, ತಲೆನೋವಿನ ಗುಳಿಗೆ ಎಲ್ಲ ಕೆಳಗೆ ಬೀಳಿಸಿದೆ. "ಏನ್ ಹುಡುಕಾಕತ್ತೀರಿ?" ಎಂದು ಬೀಗಿತ್ತಿ ಕೇಳಿದರೆ ಏನು ಹೇಳಲಿ? ತೂತು ಹುಡುಕುತ್ತಿದ್ದೇನೆ ಎಂದರೆ ಯಾರಾದರೂ ನಂಬುತ್ತಾರೆಯೇ, ನೀವೇ ಹೇಳಿ.

ಈ ಚಾಳಿ ಹತ್ತಿದ್ದು ಕಂಪ್ಲಿ ಕಡೆಯ ಒಂದು ಶ್ರಮದಾನ ಶಿಬಿರದಲ್ಲಿ. ನಾನಾಗ ಹೊಸಪೇಟೆಯಲ್ಲಿ ಬಿ.ಎ. ಓದುತ್ತಿದ್ದೆ. ಕಾಲುವೆ ನೀರು ಬಂದು ಆ ಸೀಮೆಯೆಲ್ಲ ಕಬ್ಬಾಗಿತ್ತು. ಹೊಲದಲ್ಲಿ ಕಬ್ಬು, ಮನೆಗಳ ಮೇಲೆ ಕಬ್ಬಿನ ಸೋಗೆ. ಬೇಸಿಗೆಯ ಒಂದು ಮಧ್ಯಾಹ್ನ ಒಂದು ಓಣಿಗೆ ಬೆಂಕಿ ಹತ್ತಿತು. ಜನ, ದನ ಉಳಿದರು, ಮನೆಗಳು ಉಳಿಯಲಿಲ್ಲ. ಅವನ್ನು ಕಲ್ಲು ಮಣ್ಣಿನಲ್ಲಿ ಮತ್ತೆ ಕಟ್ಟಿಕೊಡಲು ನಮ್ಮ ಮೇಷ್ಟ್ರು ನಮ್ಮನ್ನು ಬಸ್ಸು ಹತ್ತಿಸಿದರು. ಅಲ್ಲಿಯವರೆಗೆ ನಾವು ಕಟ್ಟಿದ್ದೆಂದರೆ ಪರೀಕ್ಷೆಯ ಫೀಜು ಮಾತ್ರ.

ನನ್ನ ತಂಡದ ಪಾಲಿಗೆ ಈರಮ್ಮನ ಮನೆ ಬಂತು. ಪಕ್ಕದ ಹುಲಿಗೆಮ್ಮನ ಮನೆ ಸಂಡೂರಿನ ಶಿವರಾಜನ ತಂಡಕ್ಕೆ. ಎರಡಕ್ಕೂ ನಡುವೆ ಒಂದೇ ಗೋಡೆ. ಆದರೆ ಇಬ್ಬರು ಹೆಂಗಸರಿಗೂ ಮಾತಿಲ್ಲ. ಒಣಹಾಕಿದ್ದ ಈರಮ್ಮನ ಇಳಕಲ್ ಸೀರೆಯ ಸೆರಗನ್ನು ಹುಲಿಗೆಮ್ಮನ ಆಡು ತಿಂದ ದಿನವೇ, ಒಬ್ಬರ ಹೊಸ್ತಿಲು ಒಬ್ಬರು ತುಳಿಯುವುದಿಲ್ಲವೆಂದು ಆಣೆಯಾಗಿತ್ತು. ನನಗೂ ಶಿವರಾಜನಿಗೂ ಮಾತಿರಲಿಲ್ಲ. ನಮ್ಮ ಕಾರಣ ಇನ್ನೂ ಘನವಾದದ್ದು: ಬಸ್ಸಿನ ಕಿಟಕಿ ಸೀಟಿಗೆ ನಾನು ಹಾಕಿದ್ದ ಟವೆಲ್ಲನ್ನು ಎತ್ತಿ ನನ್ನ ಹೆಗಲಿಗೆ ಹಾಕಿ, ಅವನು ಕೂತುಬಿಟ್ಟಿದ್ದ.

ಈರಮ್ಮನಿಗೆ ಅವಸರ. ಚೊಚ್ಚಲ ಹೆರಿಗೆಗೆ ಮಗಳು ಬರುವವಳಿದ್ದಳು. ಗದ್ದೆಗೆ ನೀರು ಕಟ್ಟಲು ಹೋದ ತನ್ನ ಗಂಡ ಯಾವಾಗ ಮನೆಗೆ ಬರುತ್ತಾನೆಂಬ ಖಾತ್ರಿಯಿಲ್ಲ. "ನೋವು ಸುರು ಆದ್ರ ಯಾರನ್ನ ಕರೀಲಿ ತಮ್ಮಾ?" ಎಂದು ನಮ್ಮನ್ನು ಮತ್ತೆ ಮತ್ತೆ ಕೇಳುತ್ತಿದ್ದಳು. ಆ ಓಣಿಗೆಲ್ಲ ಹುಲಿಗೆಮ್ಮನೇ ಸೂಲಗಿತ್ತಿ. ಅದನ್ನು ಯಾರಾದರೂ ನೆನಪಿಸಿದರೆ, "ಸತ್ರೂ ಆಕಿ ಹೊಸ್ತಿಲಕ್ಕ ಹೋಗಂಗಿಲ್ಲ" ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು. ನೋಡಿದವರಿಗೆ ಸಂಕಟವಾಗುತ್ತಿತ್ತು.

ಕಲ್ಲುಮಣ್ಣಿನ ಗೋಡೆಗೆ ಎರಡು ಮೈ. ಈ ಮೈ ನಾವು, ಆ ಮೈ ಅವರು, ನಡುವೆ ಚೂರುಗಲ್ಲು. ಗೋಡೆ ಎದೆಮಟ್ಟಕ್ಕೆ ಬಂದಾಗ ಈರಮ್ಮ ಒಲೆಯ ಪಕ್ಕ ದೀಪಕ್ಕೊಂದು ಗೂಡು ಕೇಳಿದಳು. ಬಿಟ್ಟೆವು. ಆ ಕಡೆ ಹುಲಿಗೆಮ್ಮನೂ ಒಲೆಯ ಪಕ್ಕವೇ ಕೇಳಿದಳು. ಅವರೂ ಬಿಟ್ಟರು, ನಮ್ಮ ಗೂಡಿಗೆ ಸರಿಯಾಗಿ ಎದುರಿಗೇ. ನೇರ ಬರಲಿಲ್ಲವೆಂದು ಇಬ್ಬರೂ ಕಲ್ಲು ಕಿತ್ತೂ ಕಿತ್ತೂ ಗೂಡು ನೀರಿನ ಕೊಡ ಹಿಡಿಸುವಷ್ಟಾಯಿತು. ಅದರಾಚೆ ಶಿವರಾಜನ ಮೂಗು ನನಗೆ ಚೆನ್ನಾಗಿ ಕಾಣುತ್ತಿತ್ತು. ಹಿಂಬದಿಯನ್ನು ಅವನು ಮುಚ್ಚಲಿ ಎಂದು ನಾನು, ನಾನು ಮುಚ್ಚಲಿ ಎಂದು ಅವನು. ಬಾಯಿಬಿಟ್ಟವನು ಸೋತಂತೆ. ಇಬ್ಬರೂ ಗಂಭೀರವಾಗಿ ಮೇಲೆ ಚಪ್ಪಡಿ ಹೊದಿಸಿ ಗೋಡೆ ಮುಂದುವರಿಸಿದೆವು. ಹಂಪಿಯನ್ನು ಯಾರು ಯಾರು ಕಟ್ಟಿಸಿದರೆಂದು ನಮ್ಮ ಇತಿಹಾಸದ ಪುಸ್ತಕದಲ್ಲಿತ್ತು. ಮಾತುಬಿಟ್ಟವರು ಗೋಡೆ ಕಟ್ಟಿದರೆ ಏನಾಗುತ್ತದೆಂದು ಮಾತ್ರ ಇರಲಿಲ್ಲ.

ಕಡೆಯ ದಿನ ಮೇಷ್ಟ್ರು ತಪಾಸಣೆಗೆ ಬಂದು ಗೂಡಿಗೆ ಕೈ ಹಾಕಿದರು. ಆ ಕಡೆ ಹುಲಿಗೆಮ್ಮ ಕಿಟಾರನೆ ಕಿರುಚಿದಳು.

"ಲೇ, ಗೋಡಿ ಕಟ್ಟೀರೋ, ಟಾಕೀಸಿನ ಟಿಕೀಟು ಕಿಂಡಿ ಮಾಡೀರೋ?" ಎಂದರು ಮೇಷ್ಟ್ರು.

ಆಚೆಯಿಂದ ಶಿವರಾಜ ಕಿಸಕ್ಕನೆ ನಕ್ಕ. ಹಾಳಾದ್ದು, ನನಗೂ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕೆವು. "ಒಂದ್ ಕಲ್ಲು ಕೊಡಲೇ, ಮುಚ್ಚೋಣು" ಎಂದು ಅವನು ತೂತಿನಿಂದ ಕೈ ಚಾಚಿದ. ನಮ್ಮ ಮೊದಲ ಮಾತು ಅದು.

ಕಲ್ಲೆತ್ತಿದೆ. ಈರಮ್ಮ ಅಡ್ಡ ಬಂದಳು. "ಬ್ಯಾಡ, ತಡೀ ತಮ್ಮಾ." ಗೂಡನ್ನೇ ನೋಡುತ್ತ ಬೇಕೆಂದೇ ಗಟ್ಟಿಯಾಗಿ ನನ್ನನ್ನು ಕೇಳಿದಳು: "ಇಲ್ಲಿಂದ ಕೂಗಿದ್ರ ಹೊಸ್ತಿಲು ತುಳಿದಂಗ ಆಗಂಗಿಲ್ಲಲ್ಲ?"

ನಾನು ಬಾಯಿ ತೆರೆಯುವಷ್ಟರಲ್ಲಿ ಗೂಡಿನೊಳಗಿಂದ ಉತ್ತರ ಬಂತು. "ಕೂಗಿದ್ರ ನನಗ ಕೇಳಸ್ತೈತಿ ಅಂತ ಆಕಿಗೆ ಹೇಳು, ತಮ್ಮಾ."

ಹೇಳುವ ಅಗತ್ಯವಿರಲಿಲ್ಲ. ಈರಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತೇಬಿಟ್ಟಳು. ಕಲ್ಲು ಅಲ್ಲೇ ಕೆಳಗಿಟ್ಟೆ.

ಮಳೆಗಾಲಕ್ಕೆ ತೊಟ್ಟಿಲ ಕಾರ್ಯದ ಕರೆ ಬಂತು. ನಾನೂ ಶಿವರಾಜನೂ ಜೊತೆಗೇ ಹೋದೆವು. ಕಿಟಕಿ ಸೀಟು ಅವನಿಗೇ ಬಿಟ್ಟೆ. ನೋವು ಬಂದಾಗ ಈರಮ್ಮ ಗೂಡಿಗೆ ಬಾಯಿಟ್ಟು ಕೂಗಿದಳಂತೆ, ಹುಲಿಗೆಮ್ಮ ಓಡಿ ಬಂದಳಂತೆ.

"ಮತ್ತ ಹೊಸ್ತಿಲು?" ಎಂದ ಶಿವರಾಜ, ಗೂಡಿನತ್ತ ಬಗ್ಗಿ.

"ಹಿತ್ತಲ ಬಾಗಿಲಿಂದ ಹೋದ್ನೆಪ್ಪಾ. ಆಣಿ ಮುಂದಿನ ಹೊಸ್ತಿಲದ್ದು, ಅದು ಹಂಗ ಐತಿ" ಎಂದಳು ಹುಲಿಗೆಮ್ಮ ಆ ಕಡೆಯಿಂದ. ಎಣ್ಣೆ ಹಚ್ಚಿ ಎರೆದ ಕೂಸು ಅವಳ ಮನೆಯಲ್ಲಿತ್ತು. "ಹಿಡಕೊಳ್ರಿ, ತಲಿ ಜ್ವಾಕಿ!" ಎಂದು ಗೂಡಿನೊಳಗಿಂದಲೇ ದಾಟಿಸಿದಳು. ನಾನು ತಲೆ ಹಿಡಿದೆ, ಶಿವರಾಜ ಕಾಲು. ಆಣೆ ಗೀಣೆ ಗೊತ್ತಿಲ್ಲದ ಕೂಸು ಆಕಳಿಸುತ್ತ ಈ ಮನೆಗೆ ಬಂತು.

ಇವತ್ತಿಗೂ ಗೂಡು ಕಂಡಲ್ಲಿ ಕೈ ಹಾಕುತ್ತೇನೆ. ಎಲ್ಲ ಕಡೆ ಬೆರಳಿಗೆ ಗಟ್ಟಿ ಗೋಡೆಯೇ ತಗಲುತ್ತದೆ. ಕಟ್ಟುವಾಗ ಎರಡೂ ಕಡೆಯವರು ಚೆನ್ನಾಗಿ ಮಾತಾಡಿಕೊಂಡಿರಬೇಕು, ಪಾಪ.