ಪಂಕ್ತಿಗೆ ಕೂರಿಸಿದ ಹನ್ನೊಂದು ಮನೆಗಳು

ನಮ್ಮ ಆಫೀಸಿನ ಕಂಪ್ಯೂಟರು ನೋಡಿಕೊಳ್ಳುವ ತಾರಾನಾಥರಿಗೆ ಬರುತ್ತಿದ್ದದ್ದು ಒಂದೇ ಶಬ್ದ: ‘ಉಂಟು.’ ಬ್ಯಾಕಪ್ ಇದೆಯಾ ಎಂದರೆ ಉಂಟು. ನಿನ್ನೆಯದ್ದೂ ಇದೆಯಾ ಎಂದರೆ ಉಂಟು. ಬೇಕಾದಾಗ ವಾಪಸ್ ಸಿಗುತ್ತದಾ ಎಂದು ಕೇಳಿದರೆ ಮಾತ್ರ ಕನ್ನಡಕ ತೆಗೆದು ಒರೆಸುತ್ತ, “ಉಂಟು ಅಂದೆನಲ್ಲ ಮಾರಾಯ್ರೆ” ಎನ್ನುತ್ತಿದ್ದರು.

ಸಾನಪಾಡಾದಲ್ಲಿ ಕಟ್ಟಡಗಳ ನಕ್ಷೆ ತಯಾರಿಸುವ ಹನ್ನೊಂದು ಜನರ ಆಫೀಸು ನಮ್ಮದು. ಮೂಲೆಯಲ್ಲಿದ್ದ ಸರ್ವರಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಹೋಮ್ ಫೋಲ್ಡರು. ನಮ್ಮ ಕೆಲಸವೆಲ್ಲ ಅದರೊಳಗೆ. ತಾರಾನಾಥರ ಬಾಯಲ್ಲಿ ಅದು ‘ಮನೆ.’ “ವಸಂತಿ, ನಿಮ್ಮ ಮನೆಯಲ್ಲಿ ಕಸ ಜಾಸ್ತಿ ಆಗಿದೆ, ಸ್ವಲ್ಪ ಗುಡಿಸಿ” ಎಂದು ಎಲ್ಲರೆದುರು ಹೇಳಿ ನನ್ನ ಮಾನ ಕಳೆದಿದ್ದರು.

ಉಡುಪಿ ಕಡೆಯವರು, ವಾಸ ವರ್ತಕ ನಗರದಲ್ಲಿ, ವಯಸ್ಸು ಐವತ್ತಾರು. ದಿನಾ ಸಂಜೆ ಐದೂವರೆಗೆ ಎಲ್ಲ ಮನೆಗಳನ್ನೂ ಒಂದು ಡಿಸ್ಕಿಗೆ ನಕಲು ಮಾಡಿ, ಅದನ್ನು ಕಪಾಟಿನಲ್ಲಿಟ್ಟು, ಬೀಗವನ್ನು ಎರಡು ಸಲ ಎಳೆದು ನೋಡಿ ಹೊರಡುತ್ತಿದ್ದರು. ಆಯುಧಪೂಜೆಯ ಕುಂಕುಮ ಆ ಡಿಸ್ಕಿನ ಮೇಲೆ ವರ್ಷವಿಡೀ ಇರುತ್ತಿತ್ತು. ಬೀಗವನ್ನು ಇಷ್ಟು ಪರೀಕ್ಷೆ ಮಾಡುವ ಮನುಷ್ಯ, ಹತ್ತೊಂಬತ್ತು ವರ್ಷದಲ್ಲಿ ಆ ಡಿಸ್ಕಿನಿಂದ ಒಂದೇ ಒಂದು ಫೈಲನ್ನು ವಾಪಸ್ ತಂದು ನೋಡಿದವರಲ್ಲ. ಕೇಳಿದರೆ ಅಪಶಕುನವಂತೆ. ಗಟ್ಟಿಮುಟ್ಟಾಗಿ ಓಡಾಡುವವರ ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಯ ಊಟಕ್ಕೆ, ಅಡುಗೆಯವರನ್ನು ಗೊತ್ತುಮಾಡಿದ ಹಾಗೆ ಆಗುತ್ತದಂತೆ. ಹದಿನಾಲ್ಕು ವರ್ಷ ಈ ಮಾತು ಕೇಳಿ ಕೇಳಿ ನನ್ನ ತಲೆ ಕೆಟ್ಟಿತ್ತು.

ಹನ್ನೆರಡನೇ ತಾರೀಕು, ಗುರುವಾರ ಬೆಳಗ್ಗೆ ಸರ್ವರು ಸುಟ್ಟ ವಾಸನೆ ಬಿಟ್ಟು ಸತ್ತುಹೋಯಿತು. ಯಜಮಾನರು ಅನಿಲಕುಮಾರ. ಊರಿನವರನ್ನೇ ಕೆಲಸಕ್ಕಿಟ್ಟು ಉದ್ಧಾರ ಮಾಡುತ್ತಿದ್ದೇನೆಂದು ಸಂಘದ ಸಭೆಗಳಲ್ಲಿ ಭಾಷಣ ಬಿಗಿಯುವವರು. ಅವರು ಎಲ್ಲರೆದುರೇ ತಾರಾನಾಥರಿಗೆ ಹೇಳಿದರು: “ಸೋಮವಾರ ಎಲ್ಲ ಫೈಲು ಜೈಸಾ ಥಾ ವೈಸಾ, ಇದ್ದ ಹಾಗೇ ಬರ್ಬೇಕು. ಬಂದ್ರೆ ನಿಮ್ಮ ಕೆಲಸ ಪಕ್ಕಾ. ಇಲ್ಲಾಂದ್ರೆ ಹಿತೇಶ್ ಇದ್ದಾನೆ.”

ಹಿತೇಶ್ ಎಂದರೆ ಅವರ ಹೆಂಡತಿಯ ತಮ್ಮನ ಮಗ, ಯಾವುದೋ ಕೋರ್ಸು ಮುಗಿಸಿ ಕೂತಿದ್ದ. ತಾರಾನಾಥರ ಮುಖ ಬಾಡಿತು. ಐವತ್ತಾರಕ್ಕೆ ಹೊಸ ಕೆಲಸ ಕೊಡುವವರು ಯಾರು?

ಶುಕ್ರವಾರ ಹೊಸ ಸರ್ವರು ಬಂತು. ತಾರಾನಾಥ ಮಹಾನುಭಾವರ ಬುದ್ಧಿ ಪ್ರಕಟವಾದದ್ದು ಅಲ್ಲಿಯೇ. ಸರ್ವರು ಯಾರನ್ನೂ ಹೆಸರಿನಿಂದ ಗುರುತಿಸುವುದಿಲ್ಲ, ನಂಬರಿನಿಂದ ಗುರುತಿಸುತ್ತದೆ. ಹಳೆಯದರಲ್ಲಿ ಖಾತೆ ತೆರೆದ ಕ್ರಮದಲ್ಲಿ ನಂಬರು: ತಾರಾನಾಥರು ಒಂದು, ಲಾಕ್‌ಡೌನಿನಲ್ಲಷ್ಟೇ ಕಂಪ್ಯೂಟರು ಮುಟ್ಟಿದ ಯಜಮಾನರು ಹನ್ನೊಂದು. ಹೊಸದರಲ್ಲಿ ತಾರಾನಾಥರು ನಮ್ಮನ್ನೆಲ್ಲ ಊಟದ ಪಂಕ್ತಿಗೆ ಕೂರಿಸಿದ ಹಾಗೆ ಕೂರಿಸಿದರು. ಮೊದಲ ಎಲೆ ಯಜಮಾನರಿಗೆ, ಆಮೇಲೆ ಇಂಜಿನಿಯರುಗಳಿಗೆ, ಕೊನೆಯ ಎಲೆ ನನಗೆ. “ಯಜಮಾನರನ್ನು ಕೊನೆಗೆ ಕೂರಿಸ್ಲಿಕ್ಕೆ ಆಗ್ತದಾ?” ಎಂದರು.

ಶನಿವಾರ ಮಧ್ಯಾಹ್ನ ಆಫೀಸಿನಲ್ಲಿ ನಾವಿಬ್ಬರೇ ಇದ್ದೆವು. ಮನೆಗಳೆಲ್ಲ ವಾಪಸ್ ಬಂದಿವೆ ಎಂದು ಅವರು ಕೈ ಒರೆಸಿಕೊಂಡರು. ನನ್ನ ಮನೆ ತೆರೆಯಹೋದೆ, ಅನುಮತಿ ಇಲ್ಲವಂತೆ. ಸಿಟ್ಟಿನಲ್ಲಿ ಒಂದೊಂದೇ ಬಾಗಿಲು ತಟ್ಟಿದೆ. ತೆರೆದದ್ದು ಯಜಮಾನರ ಮನೆ. ಹನ್ನೊಂದನೇ ನಂಬರು ಈಗ ನಾನಲ್ಲವೇ? ಡಿಸ್ಕಿನಲ್ಲಿದ್ದದ್ದು ಹಳೆಯ ನಂಬರು, ಅದರ ಪ್ರಕಾರ ಅವರ ಫೈಲೆಲ್ಲ ಹನ್ನೊಂದನೆಯವರ ಆಸ್ತಿ.

“ಇದೇನಾ ನಿಮ್ಮ ಉಂಟು?” ಎಂದು ಬೈಯಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ‘ತಾರಾನಾಥ ಫೈನಲ್’ ಎಂಬ ಫೈಲು ಕಂಡಿತು. ಅಲ್ಲಿದ್ದದ್ದು ತಾರಾನಾಥರಿಗೆ ಬರೆದ ಪತ್ರ: ತಿಂಗಳ ಕೊನೆಗೆ ತಮ್ಮ ಸೇವೆ ಸಾಕು, ಜವಾಬ್ದಾರಿಯನ್ನು ಹಿತೇಶನಿಗೆ ಒಪ್ಪಿಸತಕ್ಕದ್ದು. ತಾರೀಕು ಮೂರು. ಸರ್ವರು ಸಾಯುವ ಒಂಬತ್ತು ದಿನ ಮೊದಲಿನದು.

ನಾನು ಕರೆದು ತೋರಿಸಿದೆ. ಅವರು ನಿಧಾನವಾಗಿ ಎರಡು ಸಲ ಓದಿದರು. ನನಗೆ ಮೈಯೆಲ್ಲ ಉರಿಯಿತು. “ಅಳಿಸಿಬಿಡಿ. ಇದೊಂದು ವಾಪಸ್ ಬರ್ಲಿಲ್ಲ ಅಂತ ಹೇಳಿ. ಯಾರು ಕೇಳ್ತಾರೆ?” ಎಂದೆ.

“ಇದು ನಿಮ್ಮ ಮನೆ ಅಲ್ಲ ವಸಂತಿ, ನನ್ನದೂ ಅಲ್ಲ. ಬೇರೆಯವರ ಮನೆಯದ್ದನ್ನು ನಾವು ಹೇಗೆ ಮುಟ್ಟುವುದು?”

ಪಂಕ್ತಿ ಎಬ್ಬಿಸಿದರು. ಯಜಮಾನರಿಗೆ ಹನ್ನೊಂದು, ತನಗೆ ಒಂದು, ಎಲ್ಲರಿಗೂ ಹಳೆಯ ನಂಬರು ಕೊಟ್ಟು ಮತ್ತೆ ಮೊದಲಿನಿಂದ ತುಂಬಿಸಿದರು. ಇಂಥ ಇನ್ನೊಬ್ಬ ಹೆಡ್ಡ ಪ್ರಾಮಾಣಿಕನನ್ನು ನಾನು ಕಂಡಿಲ್ಲ. ಹಾಗೆಂದು ನಾನೇನು ಕಡಿದು ಗುಡ್ಡೆ ಹಾಕಿದೆ? ಸೋಮವಾರ ಎಲ್ಲರೆದುರು ಹೇಳುತ್ತೇನೆಂದು ಟ್ರೇನಿನಲ್ಲಿ ಹಲ್ಲು ಕಡಿದೆ, ಸೋಮವಾರ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ನನಗೂ ಕೆಲಸ ಬೇಕಿತ್ತು.

ಯಜಮಾನರು ತಮ್ಮ ಫೈಲುಗಳನ್ನೆಲ್ಲ ತೆರೆದು ನೋಡಿದರು, “ಏಕ್‌ದಂ ಬರೋಬರ್” ಎಂದರು. ಹನ್ನೊಂದು ಗಂಟೆಗೆ ಪ್ರಿಂಟರು ಸದ್ದು ಮಾಡಿತು. ತಾರಾನಾಥರನ್ನು ಒಳಗೆ ಕರೆದರು. ಹೊಸ ತಾರೀಕು ಹಾಕುವಷ್ಟು ನಾಚಿಕೆಯೂ ಆ ಮನುಷ್ಯನಿಗಿರಲಿಲ್ಲ.

ತಾರಾನಾಥರು ಹೊರಗೆ ಬಂದು ಆ ಹಾಳೆಯನ್ನು ನನ್ನ ಮೇಜಿನ ಮೇಲೆ ಹರಡಿದರು. ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ನೋಡಿದರು.

“ನೋಡಿ ವಸಂತಿ, ಒಂದಕ್ಷರ ಹೋಗಿಲ್ಲ” ಎಂದರು. “ಬ್ಯಾಕಪ್ ಉಂಟು.”