ಉಸಿರಿಲ್ಲದವನ ಭಾಷಣ

ಮಲ್ಲೇಶ್ವರದ ಶಾಲೆಯೊಂದರಲ್ಲಿ ಬಹಳ ವರ್ಷ ವಿಜ್ಞಾನ ಪಾಠ ಹೇಳಿದವಳು ನಾನು. ನಮ್ಮ ಯಜಮಾನರು ತೀರಿಕೊಂಡ ಆರು ತಿಂಗಳಿಗೆ, ಮನಸ್ಸು ಹಗುರಾಗಲಿ ಎಂದು ನಾದಿನಿ ನನ್ನನ್ನು ಬಾಹ್ಯಾಕಾಶದ ಸಿನಿಮಾ ಒಂದಕ್ಕೆ ಎಳೆದುಕೊಂಡು ಹೋದಳು. ಹಗುರಾಗುವುದಿರಲಿ, ಅರ್ಧಕ್ಕೇ ಎದ್ದು ಬರೋಣ ಎನಿಸಿತು.

ನಾಯಕ ನೌಕೆಯ ಹೊರಗೆ ತೇಲುತ್ತಿರುವಾಗ ಹೆಲ್ಮೆಟ್ಟಿನ ಗಾಜು ಒಡೆಯುತ್ತದೆ. ಗಾಳಿಯೆಲ್ಲ ಸೋರಿಹೋಗುತ್ತದೆ. ಆಸಾಮಿ ಸಾಯಬೇಕು ತಾನೇ? ಇಲ್ಲ, ಹೆಂಡತಿಯನ್ನು ನೆನೆದು ಭಾಷಣ ಶುರು ಮಾಡುತ್ತಾನೆ! ಕೆನ್ನೆಯ ಮೇಲೆ ಕಣ್ಣೀರು ಧಾರೆಯಾಗಿ ಇಳಿಯುತ್ತದೆ. ತೂಕವೇ ಇಲ್ಲದ ಕಡೆ ಕಣ್ಣೀರಿಗೆ ಮೇಲೆ ಯಾವುದು, ಕೆಳಗೆ ಯಾವುದು? ಮಾತು ಮುಗಿಯುವ ತನಕ ಮಂಜೂ ಮರ್ಯಾದೆಯಿಂದ ಕಾದಿದ್ದು, ಆಮೇಲೆ ಮುಖದ ಮೇಲೆ ಕಟ್ಟುತ್ತದೆ. ಥೂ!

“ಗಾಳಿ ಇಲ್ದಿರೋ ಕಡೆ ಹತ್ತು ಹದಿನೈದು ಸೆಕೆಂಡಲ್ಲಿ ಪ್ರಜ್ಞೆ ಹೋಗತ್ತೆ. ಮಾತಾಡೋಕೆ ಎದೇಲಿ ಉಸಿರೇ ಇರಲ್ಲ. ಅಷ್ಟು ಬೇಗ ಹೆಪ್ಪುಗಟ್ಟೋದೂ ಇಲ್ಲ,” ಎಂದೆ.

“ಸುಮ್ನಿರಿ ಅತ್ತಿಗೆ, ಇದು ಕ್ಲಾಸಲ್ಲ,” ಎಂದು ನಾದಿನಿ ಮೂಗೊರೆಸಿಕೊಂಡಳು. ಪಕ್ಕದವನು ಪಾಪ್‌ಕಾರ್ನ್ ಅಗಿಯುತ್ತಲೇ ಅಳುತ್ತಿದ್ದ. ಸಾವನ್ನು ಹೀಗೆ ಸಕ್ಕರೆ ಪಾಕದಲ್ಲಿ ಅದ್ದಿ ಮಾರುವವರನ್ನು ಕಂಡು ನನಗಾದ ಅಸಹ್ಯ ಅಷ್ಟಿಷ್ಟಲ್ಲ. ಶ್ವಾಸಕೋಶದ ಕಾಯಿಲೆಯಲ್ಲಿ ನಮ್ಮವರು ಹೋದದ್ದನ್ನು ನಾನು ಮಂಚದ ಪಕ್ಕದಲ್ಲೇ ಕೂತು ನೋಡಿದ್ದೆ.

ಸಿನಿಮಾ ಮುಗಿಸಿ ವಿಶ್ವೇಶ್ವರಪುರದ ತಿಂಡಿ ಬೀದಿಗೆ ಬಂದೆವು. ನಾದಿನಿ ದೋಸೆ ಕೈಯಲ್ಲಿ ಹಿಡಿದಳೇ ಹೊರತು ತಿನ್ನಲಿಲ್ಲ.

“ಸಾಯೋರು ಹೇಗೆ ಎಲ್ಲಾ ಹೇಳ್ಕೊಂಡು ಹೋಗ್ತಾರೆ ನೋಡಿ. ಅಣ್ಣ ಮಾತ್ರ ನನ್ನ ಹೆಸರೂ ಎತ್ತಲಿಲ್ಲ. ಸಿಟ್ಟು ಇಟ್ಕೊಂಡೇ ಹೋದ, ಅಲ್ವಾ ಅತ್ತಿಗೆ?”

ತನ್ನ ಮಗಳ ಮದುವೆಗೆ ನಾದಿನಿ ನಮ್ಮ ಮನೆಗೆ ಬಂದು ಕುಂಕುಮ ಕೊಟ್ಟು ಕರೆಯದೆ ವಾಟ್ಸಾಪಿನಲ್ಲಿ ಪತ್ರಿಕೆ ಕಳಿಸಿದಳೆಂದು ಅಣ್ಣ ತಂಗಿ ಮಾತು ಬಿಟ್ಟಿದ್ದರು. ಸುದ್ದಿ ತಿಳಿದು ಅವಳು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಇದನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಕೊರಗುತ್ತಿದ್ದಾಳೆ. ಈಗ ಆ ದರಿದ್ರ ಸಿನಿಮಾ ಗಾಯದ ಮೇಲೆ ಬರೆ ಎಳೆದಿದೆ. ನಿನ್ನನ್ನೇ ಕೇಳಿದರು ಎಂದು ಒಂದು ಸುಳ್ಳು ಹೇಳಿಬಿಡಬಹುದಿತ್ತು. ಆಗ ನನಗೂ ಆ ಸಿನಿಮಾದವರಿಗೂ ಏನು ವ್ಯತ್ಯಾಸ?

“ಪ್ಲೇಟು ಕೆಳಗಿಡು,” ಎಂದೆ. “ಎದೇಲಿರೋ ಉಸಿರೆಲ್ಲ ಹೊರಗೆ ಬಿಡು. ಪೂರ್ತಿ. ಎಳ್ಕೋಬೇಡ. ಈಗ ಅಣ್ಣನ್ನ ಕರಿ.”

ತುಟಿ ಅಲುಗಿತು, ಸ್ವರ ಹೊರಡಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿ, ಮುಖ ಕೆಂಪಗಾಗಿ, ಏದುಸಿರು ಬಿಡುತ್ತಾ ನನ್ನ ತೋಳು ಹಿಡಿದುಕೊಂಡಳು.

“ಕೊನೇ ಎರಡು ದಿನ ನಿಮ್ಮಣ್ಣ ಹೀಗೇ ಇದ್ರು ಕಣೆ. ನೀರು ಬೇಕಾದ್ರೂ ಕೈಸನ್ನೆ. ಆಗಾಗ ತುಟಿ ಅಲುಗ್ತಿತ್ತು. ಯಾರನ್ನ ಕರೀತಿದ್ರೋ ನಂಗೂ ಗೊತ್ತಿಲ್ಲ.”

ದೋಸೆ ಆರಿಹೋಯಿತು. ಸುತ್ತ ಜನ ತಳ್ಳಾಡುತ್ತಿದ್ದರು. ನಾದಿನಿ ನನ್ನ ತೋಳು ಬಿಡದೆ, ಸದ್ದಿಲ್ಲದೆ, ಬರೀ ತುಟಿ ಅಲುಗಿಸಿ ಮತ್ತೊಮ್ಮೆ ಅಣ್ಣನನ್ನು ಕರೆದಳು.